ಮೀನು ಹೆಚ್ಚುವ ಟೇಬಲ್: ವಾಸನೆ ಹೋದರೆ ಸಾಲದು

ಮಲ್ಪೆಯಿಂದ ಘಟ್ಟ ಹತ್ತಿ ಬರುವ ಬಂಗುಡೆ, ಭೂತಾಯಿಯನ್ನು ಹೆಚ್ಚಿ, ಮಸಾಲೆ ಹಚ್ಚಿ ಪ್ಯಾಕ್ ಮಾಡುವ ಸಣ್ಣ ಘಟಕಗಳು ಶಿವಮೊಗ್ಗದ ಸುತ್ತಲೂ ಇವೆ. ಕೆಲಸ ಮುಗಿದ ಮೇಲೆ ಟೇಬಲ್ ತೊಳೆಯುವುದನ್ನು ನೋಡಿದರೆ ತಪ್ಪು ಹೆಚ್ಚುಕಮ್ಮಿ ಒಂದೇ. ಕೊಳೆ ಇದ್ದಂತೆಯೇ ಬ್ಲೀಚ್ ಸುರಿಯುತ್ತಾರೆ.

ಮೊದಲು ಹುರುಪೆ, ಕರುಳಿನ ಚೂರು ಕೆರೆದು ತೆಗೆಯಿರಿ. ಆಮೇಲೆ ತಣ್ಣೀರು. ಕುದಿಯುವ ನೀರು ಹೊಯ್ದರೆ ರಕ್ತ, ಲೋಳೆ ಅಲ್ಲೇ ಬೆಂದು ಅಂಟಿಕೊಳ್ಳುತ್ತವೆ. ನಂತರ ಉಗುರುಬೆಚ್ಚಗಿನ ಸೋಪು ನೀರು ಹಾಕಿ ಬ್ರಷ್‌ನಿಂದ ಉಜ್ಜಿ, ತೊಳೆಯಿರಿ. ನೆಲದ ಬ್ರಷ್ ಟೇಬಲ್‌ಗೆ ಬೇಡವೇ ಬೇಡ. ಸ್ಟೀಲ್ ವೂಲ್ ಕೂಡ ಬೇಡ. ಅದರ ಎಳೆ ಮುರಿದು ಮೀನಿಗೆ ಸೇರುತ್ತದೆ.

ಈಗ ಬ್ಲೀಚ್. ಲೋಳೆ ಉಳಿದಿದ್ದರೆ ಕ್ಲೋರಿನ್ ಅದರ ಮೇಲೇ ಖರ್ಚಾಗಿಬಿಡುತ್ತದೆ, ರೋಗಾಣುಗಳಿಗೆ ಏನೂ ಆಗುವುದಿಲ್ಲ. ಅಳತೆಯಲ್ಲೂ ಎಡವುತ್ತಾರೆ. ಬಾಟಲಿ ಮೇಲೆ ಸೋಡಿಯಂ ಹೈಪೋಕ್ಲೋರೈಟ್ 4% ಅಂತ ಇದ್ದರೆ 10 ಲೀಟರ್ ತಣ್ಣೀರಿಗೆ 25 ಎಂ.ಎಲ್. ಸಾಕು, ಸುಮಾರು 100 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ 100 ಭಾಗ ಕ್ಲೋರಿನ್) ಆಗುತ್ತದೆ. 50 ಎಂ.ಎಲ್. ದಾಟಬೇಡಿ. ‘ಒಂದು ಮುಚ್ಚಳ ಜಾಸ್ತಿ ಇರಲಿ’ ಅಂದರೆ ಸ್ಟೀಲಿಗೆ ತುಕ್ಕು ಹಿಡಿಯುತ್ತದೆ, ಮೀನಿಗೂ ವಾಸನೆ ಬರುತ್ತದೆ. ಶೇಕಡಾವಾರು ಬರೆಯದ, ಪರಿಮಳ ಬೆರೆಸಿದ ಬಾಟಲಿ ಎಷ್ಟು ಅಗ್ಗ ಇದ್ದರೂ ತರಬೇಡಿ. ಬ್ಲೀಚ್‌ಗೆ ಟಾಯ್ಲೆಟ್ ಆ್ಯಸಿಡ್ ಸೇರಿಸುವ ಜಾಣರೂ ಇದ್ದಾರೆ. ಏಳುವ ವಿಷದ ಗಾಳಿ ಉಸಿರಾಟಕ್ಕೇ ಕುತ್ತು. ನಿನ್ನೆ ಬೆರೆಸಿಟ್ಟ ನೀರು ಚೆಲ್ಲಿ, ಪ್ರತಿದಿನ ಹೊಸದು ಮಾಡಿ. ಕ್ಲೋರಿನ್ ಅಳೆಯುವ ಕಾಗದದ ಪಟ್ಟಿ ಅದ್ದಿ ಬಣ್ಣ ನೋಡಿ. ಮೂಗನ್ನು ನಂಬಬೇಡಿ.

ಟೇಬಲ್ ಪೂರ್ತಿ ಒದ್ದೆಯಾಗುವಂತೆ ಹೊಯ್ದು ಎರಡು ನಿಮಿಷ ಬಿಡಿ. ಚಾಕುಗಳನ್ನು ಅದೇ ನೀರಲ್ಲಿ ಮುಳುಗಿಸಿ. ನಂತರ ತಾನಾಗಿ ಒಣಗಬೇಕು. ಆಷಾಢದ ಮಳೆಯಲ್ಲಿ ನಮ್ಮ ಕಡೆ ಏನು ಒಣಗುತ್ತೆ, ಅಲ್ವಾ? ಅದಕ್ಕೇ ಹಳೇ ಬಟ್ಟೆಯಿಂದ ಒರೆಸಿಬಿಡುತ್ತಾರೆ. ಮಾಡಿದ್ದೆಲ್ಲ ಹೋಯಿತು. ಫ್ಯಾನ್ ಹಾಕಿ, ಮಣೆಗಳನ್ನು ಓರೆಯಾಗಿ ನಿಲ್ಲಿಸಿ.

ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಪ್ರಕಾರ 25 ಕೆಲಸಗಾರರಿಗೆ ಒಬ್ಬರಾದರೂ ತರಬೇತಿ ಪಡೆದ ಮೇಲ್ವಿಚಾರಕರು ಬೇಕು. ಸುಮ್ನೆ ಸರ್ಟಿಫಿಕೇಟ್‌ಗೆ ಫ್ರೇಮ್ ಹಾಕಿಸಿದರೆ ಆಗಲಿಲ್ಲ. ಸಂಜೆ ತೊಳೆಯುವ ಹೊತ್ತಿಗೆ ಅವರು ಪಕ್ಕದಲ್ಲಿರಬೇಕು. ಬ್ಲೀಚ್ ಹೊಯ್ಯುವ ಮುಂಚೆ ಟೇಬಲ್ ಅಂಚಿನ ಅಡಿಗೆ ಬೆರಳಾಡಿಸಿ ನೋಡಬೇಕು. ಜಾರಿದರೆ ಮತ್ತೆ ಸೋಪಿನಿಂದ ಶುರು.