ಹೊಸ ಸ್ಟೋರಿಬೋರ್ಡ್ ಎಲ್ಲಿಂದ ಶುರು ಮಾಡೋದು: ಖಾಲಿ ಫ್ರೇಮಿಂದನಾ, ಸ್ಕ್ರಿಪ್ಟಿಂದನಾ, ಫೋಟೋದಿಂದನಾ

ಮುಂಬೈಲಿ ನಮ್ಮವರ ಯಾವ ಕಾರ್ಯಕ್ರಮಕ್ಕೂ ಈಗ ಒಂದು ಚಿಕ್ಕ ವಿಡಿಯೋ ಬೇಕೇ ಬೇಕು, ಯಾರಾದ್ರೂ ಮೊಬೈಲ್ ಹಿಡ್ಕೊಂಡು ಹೋಗಿ ಸಿಕ್ಕಿದ್ದೆಲ್ಲ ಶೂಟ್ ಮಾಡ್ಕೊಂಡು ಬರ್ತಾರೆ, ಎಡಿಟಿಗೆ ಕೂತಾಗ ಬೇಕಾಗಿದ್ದ ಶಾಟೇ ಇರಲ್ಲ. ಅದಕ್ಕೇ ನಾನು ಸ್ಟೋರಿಬೋರ್ಡ್ ಇಲ್ದೆ, ಅಂದ್ರೆ ಒಂದೊಂದು ಶಾಟೂ ಹೇಗಿರತ್ತೆ ಅಂತ ಮೊದಲೇ ಸಾಲಾಗಿ ಬರೆದಿಟ್ಟ ಚಿತ್ರಗಳಿಲ್ದೆ, ಕ್ಯಾಮೆರಾ ಎತ್ತಲ್ಲ. ತುಂಬ ಜನ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡ್ತಾರೆ, ಓಪನ್ ಮಾಡ್ತಾರೆ, ಬಿಳಿ ಫ್ರೇಮ್ ನೋಡಿ ಮುಚ್ಚಿಬಿಡ್ತಾರೆ. ಶುರು ಮಾಡೋಕೆ ಬೇರೆ ಬೇರೆ ದಾರಿ ಇದೆ, ನಿಮ್ಮ ಕೈಲಿ ಈಗ ಏನಿದೆ ಅನ್ನೋದ್ರ ಮೇಲೆ ಯಾವುದು ಅಂತ ನಿರ್ಧಾರ ಆಗತ್ತೆ, ಅಷ್ಟೇ.

ಉದಾಹರಣೆಗೆ ಒಂದನ್ನ ಹಿಡಿಯೋಣ. ಮಾಟುಂಗದಲ್ಲಿ ಯಕ್ಷಗಾನ ಇದೆ, ಒಂದು ನಿಮಿಷದ ಆಹ್ವಾನದ ವಿಡಿಯೋ ಬೇಕು. ಒಂದು ಶಾಟಿಗೆ ಸುಮಾರು 3 ಸೆಕೆಂಡ್ ಅಂದ್ರೂ 60 ಸೆಕೆಂಡಿಗೆ 20 ಶಾಟ್, ಶಾಟಿಗೊಂದು ಚಿತ್ರ ಅಂದ್ರೆ 20 ಫ್ರೇಮ್. ಇಷ್ಟು ಲೆಕ್ಕ ಗೊತ್ತಿದ್ರೆ ಅರ್ಧ ಭಯ ಹೋಗತ್ತೆ.

ಸಾಫ್ಟ್‌ವೇರ್ ಅಂದ್ರೆ ನಾನು ಮೊದಲು ಹೇಳೋದು ಸ್ಟೋರಿಬೋರ್ಡರ್. ವಂಡರ್ ಯೂನಿಟ್ ಅನ್ನೋರು ಮಾಡಿದ್ದು, ಫ್ರೀ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯತ್ತೆ. ಓಪನ್ ಮಾಡಿ ಹೊಸದು ಅಂತ ಒತ್ತಿದ್ರೆ ಸ್ಕ್ರಿಪ್ಟಿಂದ ಶುರು ಮಾಡ್ತೀರಾ, ಖಾಲಿ ಬೋರ್ಡಿಂದ ಶುರು ಮಾಡ್ತೀರಾ ಅಂತ ಕೇಳತ್ತೆ, ಇಲ್ಲಿ ಬೋರ್ಡ್ ಅಂದ್ರೆ ಒಂದು ಫ್ರೇಮ್. ಖಾಲಿ ಅಂದ್ರೆ ಆಸ್ಪೆಕ್ಟ್ ರೇಷಿಯೋ ಆರಿಸ್ಬೇಕು, ಅಂದ್ರೆ ಫ್ರೇಮಿನ ಅಗಲ ಎತ್ತರದ ಅಳತೆ. ಸಿನೆಮಾ ಥರ ಅಗಲ ಬೇಕಾದ್ರೆ 2.39, ಯೂಟ್ಯೂಬಿಗೆ 16:9, ರೀಲ್ಸ್ ಮತ್ತೆ ವಾಟ್ಸಾಪ್ ಸ್ಟೇಟಸ್ಸಿಗೆ 9:16, ಚೌಕ ಬೇಕಾದ್ರೆ 1:1.

ಇಲ್ಲಿ ದಯವಿಟ್ಟು ಒಂದು ನಿಮಿಷ ನಿಲ್ಲಿ. ವಿಡಿಯೋ ಎಲ್ಲಿ ಹಾಕ್ತಾರೆ ಅಂತ ಕೆಲಸ ಕೊಟ್ಟವರನ್ನ ಕೇಳಿ ಆಮೇಲೆ ಒತ್ತಿ. ಒಂದ್ಸಲ ನಾನು 16:9ರಲ್ಲಿ 22 ಫ್ರೇಮ್ ಬರೆದು ಮುಗಿಸಿದ ಮೇಲೆ ಕಮಿಟಿಯವರು ಫೋನ್ ಮಾಡಿ ಸ್ಟೇಟಸ್ಸಿಗೆ ಉದ್ದಕ್ಕೆ ಬೇಕು ಅಂದ್ರು. ವೇಷಧಾರಿ ಪೂರ್ತಿ ನಿಂತಿರೋ ಶಾಟ್ ಉದ್ದ ಫ್ರೇಮಿಗೆ ಚೆನ್ನಾಗಿ ಕೂರತ್ತೆ, ಆದ್ರೆ ಭಾಗವತರು, ಮದ್ದಳೆ, ಚೆಂಡೆ ಸಾಲಾಗಿ ಕೂತಿರೋದು ಅದರಲ್ಲಿ ಕೂರೋದೇ ಇಲ್ಲ, ಹಾಗಾಗಿ ಎಲ್ಲಾ ಮತ್ತೆ ಯೋಚನೆ ಮಾಡ್ಬೇಕಾಯ್ತು, ಎರಡು ರಾತ್ರಿ ಹೋಯ್ತು.

ಈಗ ಸ್ಕ್ರಿಪ್ಟ್ ದಾರಿ. ಸ್ಕ್ರಿಪ್ಟ್ ಬರೆಯೋ ಸಾಫ್ಟ್‌ವೇರ್ ಫೈನಲ್ ಡ್ರಾಫ್ಟಿನ ಫೈಲ್ ಇದ್ರೆ ನೇರ ತಗೊಳತ್ತೆ, ಇಲ್ದಿದ್ರೆ ಫೌಂಟೇನ್ ಅಂತ ಒಂದು ರೀತಿ ಇದೆ, ಬರೀ ಟೆಕ್ಸ್ಟ್ ಫೈಲು, ನೋಟ್‌ಪ್ಯಾಡಲ್ಲೇ ಬರೀಬಹುದು. ಕನ್ನಡದಲ್ಲಿ ಬರೆಯೋರು ಎಡವೋದು ಇಲ್ಲೇ. ಸಾಲಿನ ಶುರುವಲ್ಲಿ ಇಂಗ್ಲಿಷಿನ INT (ಒಳಗೆ) ಅಥವಾ EXT (ಹೊರಗೆ) ಥರದ ಗುರುತು ಇದ್ರೆ ಮಾತ್ರ ಅದು ಸೀನ್ ಹೆಡ್ಡಿಂಗ್ ಅಂತ ಅರ್ಥ ಮಾಡ್ಕೊಳತ್ತೆ, "ಒಳಗೆ, ಚೌಕಿ, ಸಂಜೆ" ಅಂತ (ಚೌಕಿ ಅಂದ್ರೆ ವೇಷ ಕಟ್ಟೋ ಕೋಣೆ) ಬರೆದ್ರೆ ಸುಮ್ನೆ ವಿವರಣೆ ಅಂದ್ಕೊಂಡು ಬಿಡತ್ತೆ. ಅದಕ್ಕೆ ಸಾಲಿನ ಮೊದಲು ಒಂದು ಚುಕ್ಕಿ ಇಡಿ, ".ಒಳಗೆ, ಚೌಕಿ, ಸಂಜೆ" ಅಂತ, ಆಗ ಅದು ಸೀನ್ ಆಗತ್ತೆ. ಪಾತ್ರದ ಹೆಸರೂ ಹಾಗೇ, ಇಂಗ್ಲಿಷಲ್ಲಿ ಕ್ಯಾಪಿಟಲ್ ಅಕ್ಷರ ನೋಡಿ ಗುರುತು ಹಿಡಿಯತ್ತೆ, ನಮ್ಮ ಲಿಪೀಲಿ ಕ್ಯಾಪಿಟಲ್ಲೇ ಇಲ್ವಲ್ಲ, ಹಾಗಾಗಿ ನಾನು ಪಾತ್ರದ ಹೆಸರು ಇಂಗ್ಲಿಷ್ ಕ್ಯಾಪಿಟಲ್ಲಲ್ಲಿ ಹಾಕಿ ಮಾತು ಕನ್ನಡದಲ್ಲಿ ಬರೀತೀನಿ. ಪೂರ್ತಿ ಸ್ಕ್ರಿಪ್ಟ್ ಬರೆಯೋ ಮುಂಚೆ ಎರಡೇ ಸೀನ್ ಬರೆದು ಓಪನ್ ಮಾಡಿ ನೋಡ್ಕೊಳ್ಳಿ. ಇನ್ನೊಂದು, ಸ್ಟೋರಿಬೋರ್ಡರ್ ನಿಮ್ಮ ಫೈಲಲ್ಲಿ ಸೀನ್ ಪಕ್ಕ # ಇರೋ ಒಂದು ಗುರುತು ಸೇರಿಸತ್ತೆ, ಅದನ್ನ ಅಳಿಸ್ಬೇಡಿ, ಯಾವ ಚಿತ್ರ ಯಾವ ಸೀನಿಗೆ ಅಂತ ಅದ್ರಿಂದಾನೇ ಗೊತ್ತಾಗೋದು.

ಚಿತ್ರ ಬರೆಯೋಕೆ ಬರಲ್ಲ ಅನ್ನೋರಿಗೆ ಫೋಟೋ ದಾರಿ. ಹಾಲಿಗೆ ಹೋಗಿ ಸ್ಟೇಜು, ಗೇಟು, ಚೌಕಿ ಇರೋ ರೂಮು ಎಲ್ಲಾ ಮೊಬೈಲಲ್ಲಿ ತೆಗೀರಿ, ಮನುಷ್ಯರ ಜಾಗದಲ್ಲಿ ಜೊತೆಗೆ ಬಂದವರನ್ನ ನಿಲ್ಲಿಸಿ, ಆಮೇಲೆ ಫೈಲ್ ಮೆನುವಿಂದ ಇಮೇಜ್ ಇಂಪೋರ್ಟ್ ಮಾಡಿದ್ರೆ ಒಂದೊಂದು ಫೋಟೋ ಒಂದೊಂದು ಬೋರ್ಡ್. ಅದೇ ಸಾಫ್ಟ್‌ವೇರಲ್ಲಿ ಶಾಟ್ ಜನರೇಟರ್ ಅಂತ ಇದೆ, 3ಡಿ ಗೊಂಬೆಗಳನ್ನ ನಿಲ್ಲಿಸಿ ಕ್ಯಾಮೆರಾ ಎಲ್ಲಿ, ಎಷ್ಟು ಎತ್ತರ ಅಂತ ಹೊಂದಿಸ್ಬಹುದು.

ನನಗೆ ಎಲ್ಲಕ್ಕಿಂತ ಇಷ್ಟ ವರ್ಕ್‌ಶೀಟ್ ದಾರಿ. ಸ್ಟೋರಿಬೋರ್ಡರಿಂದಲೇ ಖಾಲಿ ಚೌಕಗಳಿರೋ ಹಾಳೆ ಪ್ರಿಂಟ್ ತೆಗೆದು ಪೆನ್ಸಿಲಲ್ಲಿ ಬರೆದು, ಫೋಟೋ ತೆಗೆದು ವಾಪಸ್ ಇಂಪೋರ್ಟ್ ಮಾಡಿದ್ರೆ ಚೌಕಗಳನ್ನ ತಾನೇ ಬೇರೆ ಬೇರೆ ಮಾಡಿ ಬೋರ್ಡ್ ಮಾಡತ್ತೆ. ಹಾಳೆ ಮೇಲಿನ ಕ್ಯೂಆರ್ ಕೋಡ್ ಮಡಿಸ್ಬೇಡಿ, ಒದ್ದೆ ಮಾಡ್ಬೇಡಿ. ಡೊಂಬಿವಲಿಯಿಂದ ಮಾಟುಂಗಕ್ಕೆ ಹೋಗ್ಬೇಕಂದ್ರೆ ಸ್ಲೋ ಲೋಕಲ್ಲೇ ಹಿಡೀಬೇಕು, ಫಾಸ್ಟ್ ಅಲ್ಲಿ ನಿಲ್ಲಲ್ಲ, ಭಾನುವಾರ ಮಧ್ಯಾಹ್ನ ಸೀಟ್ ಸಿಕ್ಕಿದ್ರೆ ಇಳಿಯೋದ್ರೊಳಗೆ ಹನ್ನೆರಡು ಫ್ರೇಮ್ ಆಗತ್ತೆ. ಹಾಗೆ ಬರೀತಾ ಇರುವಾಗಲೇ ಒಂದ್ಸಲ ಹೊಳೀತು, ಪ್ಲಾಟ್‌ಫಾರ್ಮಲ್ಲಿ ಗೆಜ್ಜೆ ಕಟ್ಟಿದ ಕಾಲು ಇಳಿಯೋ ಶಾಟ್ ಇಟ್ಟಿದೀನಿ, ಸ್ಟೇಷನ್ ಒಳಗೆ ಶೂಟಿಂಗಿಗೆ ರೈಲ್ವೆ ಪರ್ಮಿಶನ್ ಬೇಕು. ಆ ಫ್ರೇಮ್ ಅಳಿಸಿ ಹೊರಗೆ ಹೂವಿನ ಮಾರ್ಕೆಟ್ಟಿಗೆ ಹಾಕ್ದೆ, ಮಲ್ಲಿಗೆ ರಾಶಿ ಪಕ್ಕ ಗೆಜ್ಜೆ ಕಾಲು, ಮೊದಲಿನದಕ್ಕಿಂತ ಚೆನ್ನಾಗೇ ಬಂತು.

ಪೇಂಟಿಂಗ್ ಅಭ್ಯಾಸ ಇರೋರು ಕೃತಾ (Krita) ಅನ್ನೋ ಪೇಂಟಿಂಗ್ ಸಾಫ್ಟ್‌ವೇರ್ ನೋಡಿ, ಅದೂ ಫ್ರೀ. 2021ರ ಡಿಸೆಂಬರಲ್ಲಿ ಬಂದ 5.0ರಿಂದ ಅದರಲ್ಲಿ ಸ್ಟೋರಿಬೋರ್ಡ್ ಡಾಕರ್ ಇದೆ, ಡಾಕರ್ ಅಂದ್ರೆ ಪಕ್ಕದಲ್ಲಿ ತೆರೆಯೋ ಪ್ಯಾನೆಲ್, ಸೆಟ್ಟಿಂಗ್ಸ್ ಮೆನುವಲ್ಲಿ ಡಾಕರ್ಸ್ ಒಳಗೆ ಟಿಕ್ ಮಾಡ್ಬೇಕು, ಇಲ್ದಿದ್ರೆ ಕಾಣಿಸಲ್ಲ. ಟೂನ್ ಬೂಮಿನ ಸ್ಟೋರಿಬೋರ್ಡ್ ಪ್ರೋ ದುಡ್ಡು ಕೊಟ್ಟು ತಗೊಳ್ಳೋದು, ಅನಿಮೇಷನ್ ಸ್ಟುಡಿಯೋದಲ್ಲಿ ಕೆಲಸ ಮಾಡೋ ಆಸೆ ಇದ್ರೆ ಕಲೀರಿ, ಒಂದು ನಿಮಿಷದ ವಿಡಿಯೋಗೆ ಅದು ಬೇಡ. ಏನೂ ಇನ್‌ಸ್ಟಾಲ್ ಮಾಡೋಕಾಗಲ್ಲ ಅಂದ್ರೆ ಗೂಗಲ್ ಸ್ಲೈಡ್ಸ್ ಸಾಕು, ಪೇಜ್ ಸೈಜ್ ಬದಲಾಯಿಸಿ, ಒಂದು ಸ್ಲೈಡ್ ಒಂದು ಶಾಟ್, ಕೆಳಗಿನ ನೋಟ್ಸಲ್ಲಿ ಮಾತು.

ಯಾವುದ್ರಲ್ಲಿ ಶುರು ಮಾಡಿದ್ರೂ ಮೊದಲ ಐದು ನಿಮಿಷದಲ್ಲಿ ಚಂದ ಬರೆಯೋಕೆ ಹೋಗ್ಬೇಡಿ. ಕಡ್ಡಿ ಮನುಷ್ಯ ಸಾಕು, 20 ಬೋರ್ಡೂ ತುಂಬಿಸಿ, ಪ್ರತಿಯೊಂದಕ್ಕೂ ಎಷ್ಟು ಸೆಕೆಂಡ್ ಅಂತ ಹಾಕಿ, ಪ್ಲೇ ಒತ್ತಿ ಒಂದು ಸಲ ಓಡಿಸಿ ನೋಡಿ. ಬೇರೆ ಕಂಪ್ಯೂಟರಿಗೆ ಕಳಿಸುವಾಗ ಸ್ಟೋರಿಬೋರ್ಡರ್ ಫೈಲೊಂದೇ ಕಳಿಸಿದ್ರೆ ಚಿತ್ರ ಬರಲ್ಲ, ಜೊತೆಗಿರೋ ಇಮೇಜಸ್ ಫೋಲ್ಡರ್ ಸಮೇತ ಪೂರ್ತಿ ಕಳಿಸಿ. ಪಿಡಿಎಫ್ ತೆಗೆಯುವಾಗ ಕನ್ನಡ ಒತ್ತಕ್ಷರ ಸರಿಯಾಗಿ ಬಂದಿದ್ಯಾ ಅಂತ ಒಂದು ಪುಟ ನೋಡ್ಕೊಂಡು ಆಮೇಲೆ ಕಳಿಸಿ.

ಆ ಯಕ್ಷಗಾನದ ಪಿಡಿಎಫ್ ನಾನು ಮೊದಲು ತೋರಿಸಿದ್ದು ಭಾಗವತರಿಗೆ. ಮೊದಲ ಫ್ರೇಮಲ್ಲೇ ಕಿರೀಟದ ಕ್ಲೋಸಪ್ ಇಟ್ಟಿದ್ದೆ. ಅವರು ಎರಡು ಸಲ ನೋಡಿ, "ಮಾರಾಯ, ಚೆಂಡೆ ಮೊದಲು ಕೇಳ್ಬೇಕು, ವೇಷ ಆಮೇಲೆ ಕಾಣ್ಬೇಕು, ರಂಗದಲ್ಲಿ ಹಾಗೇ ಅಲ್ವಾ" ಅಂದ್ರು. ಅಲ್ಲೇ ಕೂತು ನಾಲ್ಕನೇ ಫ್ರೇಮನ್ನ ಎಳೆದು ಒಂದನೇದ್ರ ಜಾಗಕ್ಕೆ ತಂದೆ, ಹತ್ತು ಸೆಕೆಂಡಿನ ಕೆಲಸ. ಶೂಟಿಂಗ್ ಇನ್ನೂ ಶುರುವೇ ಆಗಿರ್ಲಿಲ್ಲ.