ಕಾರವಾರಕ್ಕೆ ಬಂದಿಳಿದ ಘಟ್ಟದ ಮೇಲಿನವರಿಗೆ

ಹಾಸನ, ಮೈಸೂರು, ತುಮಕೂರಿನ ಕಡೆಯಿಂದ ಕೈಗಾ ಅಣುಸ್ಥಾವರಕ್ಕೋ ನೌಕಾನೆಲೆಗೋ ಬ್ಯಾಂಕಿಗೋ ಬಂದವರು, ಮಗ–ಸೊಸೆಯ ಜೊತೆ ಇರಲು ಬಂದ ನನ್ನಂಥ ನಿವೃತ್ತರು, ಮೊದಲು ಹೇಳುವುದು ಒಂದೇ ಮಾತು: "ಇಲ್ಲಿ ಕನ್ನಡವೇ ಕಿವಿಗೆ ಬೀಳಲ್ಲವಲ್ಲ!" ದಯವಿಟ್ಟು ಹಾಗನ್ನಬೇಡಿ. ಮನೆಯಲ್ಲಿ ಕೊಂಕಣಿ, ಶಾಲೆ–ಕಚೇರಿಯಲ್ಲಿ ಕನ್ನಡ, ಹೀಗೆ ಎರಡನ್ನೂ ಬಾಳಿಸಿಕೊಂಡು ಬಂದ ಊರು ಇದು. ಇದೇ ಜಿಲ್ಲೆಯ ಗೌರೀಶ ಕಾಯ್ಕಿಣಿ, ಯಶವಂತ ಚಿತ್ತಾಲರ ಮನೆಮಾತು ಕೊಂಕಣಿ. ಅವರು ಕನ್ನಡದಲ್ಲಿ ಬರೆದದ್ದನ್ನು ಓದಿ ಬೆಳೆದ ನಾವು ಇಲ್ಲಿಗೆ ಬಂದು ಕನ್ನಡವಿಲ್ಲ ಅನ್ನುವುದು ಸರಿಯಲ್ಲ. ಈ ಜಿಲ್ಲೆ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಹಾಗಾಗಿ ಇಲ್ಲಿನ ಹಿರಿಯರ ಕಪಾಟಿನಲ್ಲಿ ಮರಾಠಿ ಪುಸ್ತಕ ಕಂಡರೆ ಹುಬ್ಬೇರಿಸಬೇಡಿ. "ಒಂದು ಪುಟ ಓದಿ ಹೇಳ್ತೀರಾ?" ಅಂತ ಕೇಳಿ. ನನಗೆ ಇಲ್ಲಿ ಸಿಕ್ಕ ಮೊದಲ ಗೆಳತಿ ಹಾಗೆ ಕೇಳಿದ್ದಕ್ಕೇ ಸಿಕ್ಕವಳು.

ಗ್ಯಾಸ್, ರೇಷನ್ ಕಾರ್ಡು, ಆಧಾರ್ ವಿಳಾಸ ಎಲ್ಲ ನಮ್ಮೂರಿನಂತೆಯೇ. ಮಳೆ ಹಿಡಿಯುವ ಮೊದಲು ಮುಗಿಸಿಕೊಳ್ಳಿ. ಜೊತೆಗೆ ಸಾರ್ವಜನಿಕ ಗ್ರಂಥಾಲಯದ ಸದಸ್ಯತ್ವವನ್ನೂ ಮಾಡಿಸಿ. 1965ರ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಾಗುತ್ತದೆ. ಜನರ ದುಡ್ಡಿನಲ್ಲಿ ನಡೆಯುವ ಜಾಗ, ಸಂಕೋಚ ಬೇಡ.

ಇನ್ನು ಸಂಘ ಕಟ್ಟುವ ವಿಚಾರ. ನಾಲ್ಕು ಮನೆಯವರು ಸೇರಿದ ಕೂಡಲೇ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ಲೆಟರ್‌ಹೆಡ್ಡು ಎಲ್ಲ ಆಗಿಬಿಡುತ್ತದೆ. ಮೇ–ಜೂನ್ ಬಂತು, ಅಧ್ಯಕ್ಷರಿಗೆ ರಾಯಚೂರಿಗೆ ವರ್ಗ, ಕಾರ್ಯದರ್ಶಿಗೆ ಬೆಂಗಳೂರಿಗೆ. ಸಂಘ ಅಲ್ಲಿಗೆ ಮುಗಿಯಿತು. ಇದನ್ನು ನೋಡಿ ನೋಡಿ ನನಗೆ ಹೊಟ್ಟೆ ಉರಿದಿದೆ. ಏನೇ ಕಟ್ಟಿದರೂ ವರ್ಗವಾಗಿ ಹೋಗದವರ ಜೊತೆ ಕಟ್ಟಿ. ಮೀನು ಮಾರುವ ಹೆಂಗಸು, ಹಾಲಕ್ಕಿ ಸಮುದಾಯದ ಗೌಡ್ತಿ, ಕೋಡಿಬಾಗದ ಅಂಗಡಿಯವರು, ನಿವೃತ್ತ ಮಾಸ್ತರರು, ಇವರು ಎಲ್ಲಿಗೂ ಹೋಗುವವರಲ್ಲ. ಭಾನುವಾರದ ಸಂತೆಗೆ ಹೋಗಿ, ಚೌಕಾಸಿ ಮಾಡುವ ಮೊದಲು ಎರಡು ಮಾತಾಡಿ. ಒಂದೇ ಕಡೆ ಸೊಪ್ಪು ಕೊಂಡರೆ ಮೂರನೇ ವಾರಕ್ಕೆ ನಿಮ್ಮನ್ನು ಕೂಗಿ ಕರೆಯುತ್ತಾರೆ.

ಓದುವ ಬಳಗ ಶುರು ಮಾಡುವ ಆಸೆಯಿದ್ದರೆ ಜೂನ್ ಒಳ್ಳೆಯ ಕಾಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳು ಬೈತಖೋಲ ಬಂದರಿನಲ್ಲಿ ಕಟ್ಟಿಕೊಂಡಿರುತ್ತವೆ, ಗಂಡಸರು ಬಲೆ ರಿಪೇರಿಗೆ ಕೂತಿರುತ್ತಾರೆ. ನಾನು ಅಲ್ಲಿ ಪೇಪರು ಓದಿ ಹೇಳುತ್ತಿದ್ದೆ. ನೀಲಿ ನೈಲಾನ್ ಬಲೆಯ ರಾಶಿಯ ನಡುವೆ ಕೂತ ಅಜ್ಜ ಒಬ್ಬರು ಹವಾಮಾನ ಮತ್ತು ಡೀಸೆಲ್ ಸುದ್ದಿ ಬಿಟ್ಟು ಬೇರೆ ಏನನ್ನೂ ಕೇಳುತ್ತಿರಲಿಲ್ಲ. ಕಾಲ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ಸೂಜಿ ಆಡಿಸುತ್ತಲೇ ಇರುತ್ತಿದ್ದರು. ಒಂದು ದಿನ ದೋಣಿಯ ಕಥೆಯೊಂದನ್ನು ಓದಿದೆ. ಅರ್ಧದಲ್ಲಿ ಸೂಜಿ ನಿಂತಿತು. "ಆ ಗಾಳಿಗೆ ದೋಣಿ ಹಾಗೆ ತಿರುಗೂದಿಲ್ಲ, ಬರೆದವ್ರಿಗೆ ಗೊತ್ತಿಲ್ಲ" ಅಂದರು. ಪಕ್ಕದವರು ತಿರುಗುತ್ತದೆ ಅಂದರು. ಓದು ಅಲ್ಲಿಗೇ ನಿಂತು ವಾದ ಹತ್ತಿಕೊಂಡಿತು, ಕೊಂಕಣಿಯಲ್ಲಿ, ಕನ್ನಡದಲ್ಲಿ. ಮರುದಿನ ಕಥೆಯ ಉಳಿದರ್ಧ ಕೇಳಲು ಇನ್ನಷ್ಟು ಜನ ಬಂದು ಕೂತರು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬ ಗ್ರಂಥಾಲಯ ಶಾಸ್ತ್ರಜ್ಞ ರಂಗನಾಥನ್ನರ ಸೂತ್ರವನ್ನು ಕೆಲಸದಲ್ಲಿದ್ದಷ್ಟು ದಿನ ಪಾಲಿಸಿದವಳು ನಾನು. ಇಲ್ಲಿ ಪುಸ್ತಕವನ್ನು ಬಲೆಯ ಹತ್ತಿರಕ್ಕೇ ಹೊತ್ತುಕೊಂಡು ಹೋಗಬೇಕು, ಅಷ್ಟೇ ವ್ಯತ್ಯಾಸ.

ಊರಿಂದ ತಂದ ಪುಸ್ತಕಗಳ ಬಗ್ಗೆ: ಈ ಮಳೆಗೆ ಅವು ಬೂಷ್ಟು ಹಿಡಿಯುತ್ತವೆ. ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆ ಇಡಿ, ಒತ್ತೊತ್ತಾಗಿ ತುರುಕಬೇಡಿ, ನಡುವೆ ಬಜೆ ಬೇರಿನ ತುಂಡು ಇಡಿ. ಒದ್ದೆಯಾದರೆ ಹಾಳೆಗಳ ಮಧ್ಯೆ ಬಿಳಿ ಕಾಗದ ಇಟ್ಟು ಫ್ಯಾನಿನ ಕೆಳಗೆ ಒಣಗಿಸಿ. ಬಿರುಬಿಸಿಲಿಗೆ ಹಾಕಿದರೆ ಹಾಳೆ ಸೊಟ್ಟಗಾಗಿ ರಟ್ಟು ಬಿಡುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಓದಲು ಕೊಟ್ಟುಬಿಡುವುದು. ಕೈಯಿಂದ ಕೈಗೆ ಓಡಾಡುವ ಪುಸ್ತಕಕ್ಕೆ ಬೂಷ್ಟು ಬೇಗ ಹತ್ತುವುದಿಲ್ಲ.

ಊರು ಬಿಟ್ಟು ಬಂದೆವು ಅಂತ ನಾವು ಕೊರಗುತ್ತೇವೆ. ಆದರೆ ನಮಗೆ ಕೆಲಸ ಕೊಟ್ಟ ಯೋಜನೆಗಳಿಗೆ ಇಲ್ಲಿನವರು ತಮ್ಮ ಊರನ್ನೇ ಕೊಟ್ಟಿದ್ದಾರೆ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಐಎನ್ಎಸ್ ಕದಂಬ ಎಂಬ ಹೆಸರಲ್ಲಿ ಅದು ಆರಂಭವಾಯಿತು. ಅರಗಾದ ಕಡೆಯ ಊರುಗಳ ಸಾವಿರಾರು ಕುಟುಂಬಗಳು ಗದ್ದೆ, ತೆಂಗು, ಕಡಲ ದಂಡೆ ಬಿಟ್ಟು ಎದ್ದವು. ನಾವು ಮನಸ್ಸಾದಾಗ ರೈಲು ಹತ್ತಿ ನಮ್ಮೂರು ನೋಡಿ ಬರಬಹುದು, ಅವರಿಗೆ ಅದೂ ಇಲ್ಲ. ಪುನರ್ವಸತಿ ಕಾಲೊನಿಯವರು ಸಿಕ್ಕರೆ ಅವರ ಹಳೇ ಊರಿನ ಕಥೆ ಕೇಳಿ, ಬರೆದಿಟ್ಟುಕೊಳ್ಳಿ. ಹಳೇ ಶಾಲೆಯ ಫೋಟೊ, ಮದುವೆಯ ಕರೆಯೋಲೆ, ಗದ್ದೆಯ ಹೆಸರು, ಏನು ಸಿಕ್ಕರೂ. ನಮ್ಮ ಬಳಗ ಈಗ ಮಾಡುತ್ತಿರುವ ಕೆಲಸ ಅದೇ, ಬರೆಯುವ ಕೈಗಳು ಸಾಲುತ್ತಿಲ್ಲ.

ಮಕ್ಕಳು ಕೊಂಕಣಿ ಆಡಿದರೆ ಗದರಬೇಡಿ. ನನ್ನ ಮೊಮ್ಮಗಳು ಪಕ್ಕದ ಮನೆಯಲ್ಲಿ ಕೊಂಕಣಿ, ನನ್ನ ಹತ್ತಿರ ಹಾಸನದ ಕನ್ನಡ. ಅವಳಿಗೆ ಕಣ, ಮೆದೆ, ಹುಲ್ಲುಬಣವೆ ಒಂದೂ ಗೊತ್ತಿಲ್ಲ ಅನ್ನುವುದು ನನಗೆ ನಿಜಕ್ಕೂ ನೋವು. ಆದರೆ ಹೋಳಿಯ ಹೊತ್ತಿಗೆ ಅವಳನ್ನು ಹಾಲಕ್ಕಿಗಳ ಸುಗ್ಗಿ ಕುಣಿತಕ್ಕೆ ಕರೆದೊಯ್ದೆ. ಬಣ್ಣದ ತುರಾಯಿ ಕಟ್ಟಿ ಕುಣಿಯುತ್ತಿದ್ದವರ ಹಾಡು ಕೇಳಿ "ಅಜ್ಜಿ, ಇದು ಕನ್ನಡವೇ!" ಅಂದಳು. ಅಂಕೋಲೆಯ ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ಹಾಡಿದ್ದೂ ಅದೇ ಹಾಲಕ್ಕಿ ಕನ್ನಡದಲ್ಲಿ. ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು.

ಪುಷ್ಯ ಹುಣ್ಣಿಮೆಗೆ ಕೂರ್ಮಗಡದ ನರಸಿಂಹನ ಜಾತ್ರೆ. ಕಡಲ ನಡುವಿನ ದ್ವೀಪಕ್ಕೆ ದೋಣಿಯಲ್ಲೇ ಹೋಗಬೇಕು. ನೆರೆಮನೆಯವರು ಕರೆದರೆ ಇಲ್ಲ ಅನ್ನಬೇಡಿ. ಆದರೆ 2019ರ ಜಾತ್ರೆಯಲ್ಲಿ ದೋಣಿ ಮಗುಚಿ ಹಲವರು ತೀರಿಕೊಂಡರು, ಮಕ್ಕಳೂ ಇದ್ದರು. ಲೈಫ್ ಜಾಕೆಟ್ ಕೊಡದ ದೋಣಿ ಹತ್ತಬೇಡಿ, ಜನ ತುಂಬಿದ್ದರೆ ಮುಂದಿನ ದೋಣಿಗೆ ಕಾಯಿರಿ.