ಬೆಟಾಟಾಕಿನ್: ಬಂಡೆಯ ಮಡಿಲಲ್ಲಿರುವ ಊರಿಗೆ ಇಳಿಯುವುದು ಹೇಗೆ?

ಅಮೆರಿಕದ ಅರಿಜೋನಾ ರಾಜ್ಯದ ಉತ್ತರ ಭಾಗ ನವಾಹೊ ಜನರ ನಾಡು. ಅಲ್ಲಿನ ತ್ಸೆಗಿ ಕಣಿವೆಯಲ್ಲಿ, ಕೆಂಪು ಮರಳುಗಲ್ಲಿನ ದೊಡ್ಡ ಪೊಟರೆಯೊಳಗೆ ಸುಮಾರು 750 ವರ್ಷಗಳ ಹಿಂದೆ ಕಟ್ಟಿದ ಊರು ಬೆಟಾಟಾಕಿನ್.

ಮೊದಲು ಗಡಿಯಾರ ಸರಿಮಾಡಿಕೊಳ್ಳಿ. ಬೇಸಿಗೆಯಲ್ಲಿ ನವಾಹೊ ನಾಡಿನ ಸಮಯ ಅರಿಜೋನಾದ ಉಳಿದ ಭಾಗಕ್ಕಿಂತ ಒಂದು ಗಂಟೆ ಮುಂದಿರುತ್ತದೆ. ಫೀನಿಕ್ಸ್‌ನಿಂದ ಹೊರಟವರು ಇದನ್ನು ಮರೆತರೆ ಕಣಿವೆಗೆ ಇಳಿಯುವ ತಂಡ ತಪ್ಪಿಹೋಗುತ್ತದೆ. ರೇಂಜರ್, ಅಂದರೆ ಸ್ಮಾರಕ ಕಾಯುವ ಸಿಬ್ಬಂದಿಯ ಜೊತೆಗಲ್ಲದೆ ಕಣಿವೆಗೆ ಇಳಿಯುವಂತಿಲ್ಲ. ತಂಡ ಹೊರಡುವ ದಿನಗಳು ಋತುವಿಗೆ ತಕ್ಕಂತೆ ಬದಲಾಗುವುದರಿಂದ, ಈ ಊರನ್ನು ಕಾಯುವ ನವಾಹೊ ರಾಷ್ಟ್ರೀಯ ಸ್ಮಾರಕದ ಕಚೇರಿಯಲ್ಲಿ ಮುಂಚೆಯೇ ವಿಚಾರಿಸಿ. 160ನೇ ಹೆದ್ದಾರಿಯಿಂದ 564ನೇ ರಸ್ತೆಗೆ ತಿರುಗಿ ಸುಮಾರು 14 ಕಿ.ಮೀ. ಹೋದರೆ ಕಚೇರಿ ಸಿಗುತ್ತದೆ.

ತಲಾ ಎರಡು ಲೀಟರ್ ನೀರು, ಟೋಪಿ, ಹಿಡಿತವಿರುವ ಬೂಟು ಬೇಕೇ ಬೇಕು. ಕಚೇರಿಯಿರುವ ಜಾಗ ಸಮುದ್ರಮಟ್ಟದಿಂದ 2,200 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ 200 ಮೀಟರಿಗೂ ಹೆಚ್ಚು ಇಳಿಯಬೇಕು. ಇಳಿಯುವಾಗ ಕಾಲು ಹಗುರವೆನಿಸಿದರೂ ಅವಸರಪಡಬೇಡಿ, ಏದುಸಿರು ಬರುವುದು ವಾಪಸ್ ಹತ್ತುವಾಗಲೇ.

ತಳ ಮುಟ್ಟಿದರೆ ಮರುಭೂಮಿ ಮರೆತೇಹೋಗುತ್ತದೆ. ಬಿಳಿ ತೊಗಟೆಯ ಆಸ್ಪೆನ್ ಮರಗಳು, ತಂಪು ನೆರಳು. ಬಂಡೆಯೊಳಗೆ ಜಿನುಗುವ ನೀರು ಕೆಳಗಿನ ಬಿಗಿಯಾದ ಪದರಕ್ಕೆ ತಾಗಿ, ಮುಂದೆ ಇಳಿಯಲಾಗದೆ ಪಕ್ಕಕ್ಕೆ ಹೊರಬರುತ್ತದೆ. ಆ ಒಸರಿನಿಂದ ಕಲ್ಲು ಸಡಿಲಗೊಂಡು ಉದುರಿ ಉದುರಿ ಪೊಟರೆಯಾಯಿತು. ಅದರ ಬಾಯಿ ದಕ್ಷಿಣಕ್ಕಿದೆ. ಚಳಿಗಾಲದ ಓರೆ ಬಿಸಿಲು ಒಳಗೆ ಬರುತ್ತದೆ, ಬೇಸಿಗೆಯಲ್ಲಿ ನೆತ್ತಿಯ ಮೇಲಿನ ಸೂರ್ಯನಿಗೆ ಬಂಡೆಯೇ ಸೂರು.

ಕಲ್ಲು ಬೀಳುವ ಅಪಾಯವಿರುವುದರಿಂದ ಮನೆಗಳೊಳಗೆ ಬಿಡುವುದಿಲ್ಲ. ಹೊರಗೆ ನಿಂತೇ ತೊಲೆಗಳನ್ನು ಗಮನವಿಟ್ಟು ನೋಡಿ. ಅವುಗಳ ವಾರ್ಷಿಕ ಉಂಗುರಗಳನ್ನು ಎಣಿಸಿದ ತಜ್ಞರಿಗೆ 1269 ಮತ್ತು 1272ರಲ್ಲಿ ಒಟ್ಟಾಗಿ ಕಡಿದ ಮರಗಳು ಸಿಕ್ಕವು. ಮರ ಕಡಿದು ಒಟ್ಟಿಟ್ಟು, 1275ರಲ್ಲಿ ಬಂದು ಭರದಿಂದ ಮನೆ ಕಟ್ಟಿದ್ದರು! ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಮುಂದಾಲೋಚನೆಯೇ. ಅಷ್ಟು ಯೋಚಿಸಿ ಕಟ್ಟಿದ ಊರನ್ನು 1300ರ ಹೊತ್ತಿಗೆ ಬಿಟ್ಟು ಹೋದರು. ಮಳೆ ಕೈಕೊಟ್ಟಿತ್ತು, ಹೊಲದ ಮಣ್ಣು ಕೊಚ್ಚಿಹೋಗುತ್ತಿತ್ತು. ಆದರೆ ಅವರು ಎಲ್ಲೋ ಮಾಯವಾದರು ಎನ್ನುವುದು ತಪ್ಪು. ಅರಿಜೋನಾದ ಇನ್ನೊಂದು ಮೂಲನಿವಾಸಿ ಸಮುದಾಯವಾದ ಹೋಪಿ ಜನರಿಗೆ ಇದು ಹಿರಿಯರ ಮನೆ. ತಲಸ್ತಿಮ ಎಂದು ಕರೆಯುತ್ತಾರೆ. ಮಡಕೆಯ ಚೂರು ಕಂಡರೂ ಮುಟ್ಟದೆ ಬಿಡಿ.

ಮಂಡಿನೋವಿರುವವರು ಕಣಿವೆಗೆ ಇಳಿಯಲೇಬೇಕಿಲ್ಲ. ಕಚೇರಿಯ ಬಳಿಯಿಂದ ಸ್ಯಾಂಡಲ್ ಟ್ರೇಲ್ ಎಂಬ ಡಾಂಬರು ಕಾಲುದಾರಿಯಿದೆ. ಹೋಗಿಬರಲು ಒಂದೂವರೆ ಕಿ.ಮೀ. ಅಷ್ಟೆ. ಅದರ ತುದಿಯಿಂದ ಇಡೀ ಊರು ಕಾಣುತ್ತದೆ, ದುರ್ಬೀನು ಒಯ್ಯಿರಿ.